ಅವರ ಬೆಂಕಿಗೆ ಇಟ್ಟ ನೀರು

ಹೆಣ ಆಗುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ಜಂಬ ಕೊಚ್ಚಿಕೊಳ್ಳುತ್ತಿಲ್ಲ, ಬೇಕಾದರೆ ಯಾರನ್ನಾದರೂ ಕೇಳಿ. ಹೆಣದಕ್ಕನ ಮನೆ ಯಾವುದು ಅಂದರೆ ಸಾಕು, ಕೈ ಮಾಡಿ ತೋರಿಸುತ್ತಾರೆ. ಈಗ ತೋರಿಸಲು ಮನೆ ಇಲ್ಲ, ಅದು ಬೇರೆ ಮಾತು.

ಕೆಲಸ ಇಷ್ಟೇ. ನಮ್ಮ ಓಣಿಯ ಎದುರು ಎದ್ದಿರುವ ಅಪಾರ್ಟ್‌ಮೆಂಟ್ ಟವರಿನಲ್ಲಿ ವರ್ಷಕ್ಕೊಮ್ಮೆ ಬೆಂಕಿ ನಾಟಕ ನಡೆಯುತ್ತದೆ. ಅವರು ಅದಕ್ಕೆ ಅಣಕು ಕಾರ್ಯಾಚರಣೆ ಎಂದು ದೊಡ್ಡ ಹೆಸರಿಟ್ಟಿದ್ದಾರೆ. ಹಿಂಬದಿಯಲ್ಲಿ ಹಳೇ ಟಯರು ಸುಟ್ಟು ಹೊಗೆ ಎಬ್ಬಿಸುತ್ತಾರೆ. ಸೈರನ್ ಕೂಗುತ್ತದೆ. ಫೈರ್ ಇಂಜಿನ್ ಬರುತ್ತದೆ. ನೆಲದಡಿಯ ದೊಡ್ಡ ತೊಟ್ಟಿಯಿಂದ ನೀರೆತ್ತಿ ಆಕಾಶಕ್ಕೆ ಹಾರಿಸುತ್ತಾರೆ. ಟವರಿನವರು ಬಾಲ್ಕನಿಯಲ್ಲಿ ನಿಂತು ಫೋಟೊ ತೆಗೆಯುತ್ತಾರೆ. ಗಾಯಗೊಂಡವರು, ಸತ್ತವರು ಬೇಕಲ್ಲ? ಅವರ ಮನೆಯವರು ಬಿಸಿಲಲ್ಲಿ ಹುಲ್ಲಿನ ಮೇಲೆ ಮಲಗುತ್ತಾರೆಯೇ? ಬಟ್ಟೆ ಕೊಳೆಯಾಗುತ್ತದೆ. ಅದಕ್ಕೆ ನಾವು.

ಗಾಯಾಳು ಆದರೆ ನರಳಬೇಕು, ಕೈಕಾಲು ಆಡಿಸಬಹುದು. ಹೆಣ ಆದರೆ ಅಲ್ಲಾಡುವಂತಿಲ್ಲ. ನೊಣ ಕೂತರೂ, ಇರುವೆ ಕಚ್ಚಿದರೂ, ಸ್ಟ್ರೆಚರ್ ಹಿಡಿದವನು ಆಯ ತಪ್ಪಿ ಕೆಡವಿದರೂ. ಹಾಗಾಗಿ ಹೆಣಕ್ಕೆ ಕೂಲಿ ಜಾಸ್ತಿ, ಊಟದ ಪೊಟ್ಟಣದಲ್ಲಿ ಒಂದು ಬಾಳೆಹಣ್ಣೂ ಇರುತ್ತದೆ. ಬದುಕಿರುವಾಗ ನಮಗೆ ಯಾರೂ ಬಾಳೆಹಣ್ಣು ಕೊಟ್ಟದ್ದಿಲ್ಲ. ಸೈರನ್ ಕೂಗಿದ ಕೂಡಲೇ ಮೊದಲು ಓಡಿಬಂದು ಮಲಗಿದವರಿಗೆ ಹೆಣದ ಪಾತ್ರ. ತಡವಾಗಿ ಬಂದವರು ನರಳಬೇಕು. ನಾನು ಇದುವರೆಗೆ ಒಂದು ಸಲವೂ ನರಳಿದವಳಲ್ಲ.

ಉಳಿದ ದಿನಗಳಲ್ಲಿ ಬೆಳಗ್ಗೆ ಟವರಿನ ಮೆಟ್ಟಿಲು ಒರೆಸುತ್ತೇನೆ. ಮಧ್ಯಾಹ್ನದ ಮೇಲೆ ಅತ್ತೆಯ ಜೊತೆ ಕೂತು ದಿಂಬು ತುಂಬುತ್ತೇನೆ. ಓಣಿಯ ಎಲ್ಲ ಮನೆಗಳದ್ದೂ ಇದೇ ಕಸುಬು. ಕಾರ್ಖಾನೆಯವರು ಕತ್ತರಿಸಿ ಎಸೆದ ಸ್ಪಂಜಿನ ಚೂರು, ಹತ್ತಿಯ ಕಸ ಗೋಣಿಗಟ್ಟಲೆ ಬಂದು ಬೀಳುತ್ತದೆ. ಅದನ್ನು ಹರಿದು, ಧೂಳು ಕೊಡವಿ, ಚೀಲಕ್ಕೆ ತುರುಕಿ, ಬಾಯಿ ಹೊಲಿಯಬೇಕು. ಧೂಳು ಮೂಗಿಗೆ, ಕಣ್ಣಿಗೆ, ಅನ್ನದ ತಟ್ಟೆಗೆ. ಕೆಮ್ಮಿದರೆ ಹತ್ತಿ ಬರುತ್ತದೆ.

ಅತ್ತೆಯ ಕೈ ನೀವು ಆಗ ನೋಡಬೇಕಿತ್ತು. ದಿಂಬನ್ನು ಒಮ್ಮೆ ಒತ್ತಿದರೆ ಎಲ್ಲಿ ಗಂಟಿದೆ, ಎಲ್ಲಿ ಟೊಳ್ಳಿದೆ ಎಂದು ಹೇಳಿಬಿಡುತ್ತಿದ್ದಳು. ಬಾಯಿ ಮಾತ್ರ ಬಚ್ಚಲು.

"ಊರಿನವರೆಲ್ಲ ತಲೆ ಇಟ್ಟು ಮಲಗೋದು ನನ್ನ ಕೈಕೆಲಸದ ಮೇಲೆ ಕಣೇ," ಎನ್ನುತ್ತಿದ್ದಳು. "ಆ ತಲೆಗಳಲ್ಲಿ ಏನಾದ್ರೂ ತೂಕ ಇದ್ದಿದ್ರೆ ದಿಂಬು ಇನ್ನೂ ಬೇಗ ಸವೀತಿತ್ತು, ನಮಗೂ ಕೆಲಸ ಹೆಚ್ಚಾಗ್ತಿತ್ತು."

ಟವರಿಗೆ ಹೋಗುವ ದೊಡ್ಡ ನೀರಿನ ಪೈಪು ನಮ್ಮ ಓಣಿಯ ಅಡಿಯಲ್ಲೇ ಹೋಗುತ್ತದೆ. ಅದಕ್ಕೆ ಗುಂಡಿ ತೋಡಿದವರೂ ನಾವೇ. ಗಂಡಸರು ಅಗೆದರು, ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತೆವು. ಕುತ್ತಿಗೆ ಒಳಕ್ಕೆ ಇಳಿದುಹೋಗುತ್ತದೇನೋ ಅನ್ನಿಸುವಷ್ಟು ಹೊತ್ತೆವು. ಸೊಂಟದ ಆಳ ಆದಾಗ "ಸಾಕಲ್ಲ ಮೇಸ್ತ್ರಿ?" ಎಂದು ಕೇಳಿದೆವು.

"ಇನ್ನೂ ಕೆಳಗೆ ಹೋಗಿ," ಎಂದ ಮೇಸ್ತ್ರಿ. "ನಿಮ್ಮ ಜನಾನ ನಂಬೋಕಾಗಲ್ಲ. ತೂತು ಹೊಡೆದು ನೀರು ಕದೀತೀರಿ ಅಂತ ಟವರಿನವರು ಹೇಳಿದ್ದಾರೆ."

ನಾವು ಕದಿಯಬಾರದೆಂದು ನಾವೇ ಇನ್ನೂ ಆಳಕ್ಕೆ ತೋಡಿದೆವು. ಆಳು ನಿಂತರೆ ತಲೆ ಕಾಣದಷ್ಟು. ಅಂಥ ನಿಯತ್ತಿನ ಜನ ನಾವು.

ನಮ್ಮ ಪಾಲಿಗೆ ಓಣಿಯ ಬಾಯಲ್ಲಿ ಒಂದು ನಲ್ಲಿ, ದಿನ ಬಿಟ್ಟು ದಿನ. ಅದರ ಪಕ್ಕದಲ್ಲಿ ಕೆಂಪು ಬಣ್ಣ ಬಳಿದ ಒಂದು ಗಿಡ್ಡ ಕಂಬ. ಬೆಂಕಿ ಬಿದ್ದರೆ ಅದರಿಂದ ನೀರು ಬರುತ್ತದಂತೆ. ಎರಡೂ ಹಳೇ ಸಣ್ಣ ಪೈಪಿಗೆ ಕೂರಿಸಿದ್ದು. ಓಣಿಯಲ್ಲಿ ಮನೆಯ ಮೇಲೆ ಮನೆ ಎದ್ದಿತು, ಸುತ್ತ ಬಡಾವಣೆಯ ಮೇಲೆ ಬಡಾವಣೆ ಬಂತು, ಪೈಪು ಮಾತ್ರ ಅದೇ. ನೀರು ಸೊರಗುತ್ತಾ ಬಂತು. ಆ ಕೆಂಪು ಕಂಬಕ್ಕೆ ನಾಯಿಗಳು ಮಾತ್ರ ತಪ್ಪದೆ ನೀರು ಬಿಡುತ್ತಿದ್ದವು.

ಕಳೆದ ವರ್ಷದ ನಾಟಕ ಮುಗಿದಾಗ ಟವರಿನ ಸೆಕ್ರೆಟರಿ ನಮ್ಮನ್ನೆಲ್ಲ ನಿಲ್ಲಿಸಿ ಭಾಷಣ ಮಾಡಿದ. ಬಿಳೀ ಪ್ಯಾಂಟು, ಕೈಯಲ್ಲಿ ಮೈಕು.

"ಮುಂದಿನ ಸಲ ಯಾರಿಗೂ ಮುಂಚೆ ಹೇಳಲ್ಲ. ಇದ್ದಕ್ಕಿದ್ದ ಹಾಗೆ ಸೈರನ್ ಹೊಡೀತೀವಿ. ಯಾರು ಎಷ್ಟು ಚುರುಕು ಅಂತ ಆಗ ಗೊತ್ತಾಗುತ್ತೆ."

ನಾವು ಚುರುಕು ತೋರಿಸಲು ತುದಿಗಾಲಲ್ಲಿ ನಿಂತಿದ್ದೆವು.

ಆ ದಿನ ನಾನು ಟವರಿನ ಮೆಟ್ಟಿಲ ಮೇಲಿದ್ದೆ, ಕೈಯಲ್ಲಿ ಒರೆಸುವ ಬಟ್ಟೆ. ಕಿಟಕಿಯಾಚೆ ಹೊಗೆ ಕಂಡಿತು. ದೂರದಲ್ಲಿ ಸೈರನ್ ಕೇಳಿಸಿತು. ಬಂತಲ್ಲ ಪರೀಕ್ಷೆ, ಅಂದುಕೊಂಡೆ. ಬಟ್ಟೆ ಬಿಸಾಕಿ ಓಡಿದೆ. ಟವರಿನಲ್ಲಿ ಪಾತ್ರೆ ತೊಳೆಯುವವರು, ಮಕ್ಕಳನ್ನು ನೋಡಿಕೊಳ್ಳುವವರು, ಕಸ ಎತ್ತುವವರು, ನಮ್ಮ ಓಣಿಯವರೆಲ್ಲ ಎಲ್ಲೆಲ್ಲಿಂದಲೋ ಓಡಿಬಂದರು. ನಾನು ಮರದ ನೆರಳಿನ ಜಾಗ ಹಿಡಿದೆ. ಬಾಯಿ ಓರೆ ಮಾಡಿ, ನಾಲಿಗೆ ತುಸು ಹೊರಗೆ ಹಾಕಿ, ಕಣ್ಣು ಮುಚ್ಚಿದೆ. ಪಕ್ಕದಲ್ಲಿ ನನ್ನ ನಾದಿನಿ ನರಳಲು ಶುರು ಮಾಡಿದಳು. "ಇನ್ನೂ ಗಾಡಿ ಬಂದಿಲ್ಲ, ಈಗಲೇ ಗಂಟಲು ಖಾಲಿ ಮಾಡ್ಕೋಬೇಡ," ಎಂದು ಹೆಣವಾಗಿದ್ದುಕೊಂಡೇ ಹೇಳಿದೆ.

ಸೈರನ್ ಹತ್ತಿರ ಬಂತು. ಗೇಟಿನವರೆಗೆ ಬಂತು. ಗೇಟು ದಾಟಿ ಮುಂದೆ ಹೋಯಿತು.

ಕಾವಲುಗಾರ ಓಡಿಬಂದು ನನ್ನ ಕಾಲಿಗೆ ಒದ್ದ.

"ಯಾಕ್ರೇ ಇಲ್ಲಿ ಬಿದ್ಕೊಂಡಿದ್ದೀರಿ? ನಾಟಕ ಅಲ್ಲ ಕಣ್ರೇ! ನಿಮ್ಮ ಓಣಿನೇ ಉರೀತಾ ಇದೆ!"

ನಗಬೇಡಿ. ನಕ್ಕರೂ ನಗಿ, ಅತ್ತೆಯೂ ಆಮೇಲೆ ನಕ್ಕಳು. ಬೆಂಕಿ ಎಂದರೆ ಅದು ಟವರಿನಲ್ಲೇ ಬೀಳಬೇಕು, ಗಾಡಿ ಎಂದರೆ ಅದು ಅವರಿಗೇ ಬರಬೇಕು, ನಾವು ಎಂದರೆ ಅಲ್ಲಿ ಬಿದ್ದುಕೊಂಡಿರಬೇಕು. ವರ್ಷ ವರ್ಷವೂ ಬಾಳೆಹಣ್ಣು ಕೊಟ್ಟು ಕಲಿಸಿದ್ದು ಇದನ್ನೇ. ನಮ್ಮ ಮನೆಗೂ ಬೆಂಕಿ ಬೀಳಬಹುದು ಎಂದು ಯಾವ ನಾಟಕದಲ್ಲೂ ಇರಲಿಲ್ಲ.

ಓಣಿಗೆ ಓಡಿದೆವು. ಯಾವುದೋ ಮನೆಯ ವೈರಿನಿಂದ ಹಾರಿದ ಕಿಡಿ ಗೋಣಿಗೆ ಹತ್ತಿತ್ತು. ಗೋಣಿಯಿಂದ ಗೋಣಿಗೆ, ಮನೆಯಿಂದ ಮನೆಗೆ. ಸ್ಪಂಜು ಬರೀ ಉರಿಯುವುದಿಲ್ಲ, ಕರಗುತ್ತದೆ, ಕರಗಿ ಸಿಕ್ಕಿದ್ದಕ್ಕೆ ಮೆತ್ತಿಕೊಳ್ಳುತ್ತದೆ. ಹೊಗೆ ಕರ್ರಗೆ ಬಾಯೊಳಗೆ ಕೂರುತ್ತದೆ.

ಅತ್ತೆ ಒಳಗಿದ್ದಳು. ಆಚೆಗೆ ಓಡುವ ಬದಲು ಉರಿಯುತ್ತಿದ್ದ ಗೋಣಿಗಳನ್ನು ಬರಿಗೈಯಲ್ಲಿ ಎಳೆದು ಬೀದಿಗೆ ಎಸೆಯುತ್ತಿದ್ದಳು, ಪಕ್ಕದ ಮನೆಗೆ ಹತ್ತಬಾರದೆಂದು. ಕುಡಿಯುವ ನೀರು ಸುರಿದಾಗಿತ್ತು. ಪಾತ್ರೆ ತೊಳೆದ ನೀರೂ ಸುರಿದಾಗಿತ್ತು. ನಾನು ಅವಳ ಸೊಂಟ ಹಿಡಿದು ಎಳೆದೆ.

"ಬಿಡೇ ಮುಂಡೇದೇ! ಇನ್ನೆರಡು ಗೋಣಿ ಇದೆ!"

ಬಿಡಲಿಲ್ಲ. ಕಂಕುಳಿಗೆ ಕೈ ಹಾಕಿ, ಕಾಲು ನೆಲಕ್ಕೆ ಉಜ್ಜುತ್ತಿದ್ದರೂ ಎಳೆದುಕೊಂಡು ಬಂದೆ. ನಾಟಕದಲ್ಲಿ ಪ್ರತಿ ಸಲ ನನ್ನನ್ನು ಹೀಗೆ ಎಳೆಯುತ್ತಿದ್ದರು, ಈ ಸಲ ಎಳೆಯುವ ಸರದಿ ನನ್ನದಾಗಿತ್ತು. ಬೀದಿಯಲ್ಲಿ ಕೂರಿಸಿ ಅವಳ ಕೈ ನೋಡಿದೆ. ನೋಡಬಾರದಿತ್ತು. ಬೆರಳುಗಳ ನಡುವೆ ಸ್ಪಂಜು ಕರಗಿ ಅಂಟಿತ್ತು.

ಗಾಡಿಯ ಜೊತೆ ಬಂದವನು ಮೀಸೆಯಣ್ಣ. ಫೈರ್ ಸ್ಟೇಷನ್ನಿನ ಮುಖ್ಯಸ್ಥ. ಪ್ರತಿ ವರ್ಷ ನನ್ನನ್ನು ಸ್ಟ್ರೆಚರಿಗೆ ಹಾಕಿಸುವವನು ಅವನೇ. ಪೈಪು ಬಿಟ್ಟು ನೀರು ಹೊಡೆಯಲು ಶುರು ಮಾಡಿದ. ಒಂದು ಮನೆ ನಂದಿತು. ಎರಡನೆಯದಕ್ಕೆ ತಿರುಗುವಷ್ಟರಲ್ಲಿ ಪೈಪು ಬಾಗಿತು, ತೊಟ್ಟಿಕ್ಕಿತು, ನಿಂತಿತು.

"ಏನಣ್ಣಾ ಇದು?" ಎಂದೆ.

"ಅರ್ಧ ಟ್ಯಾಂಕ್ ಇತ್ತು ಕಣಮ್ಮ. ನಮ್ಮ ಸ್ಟೇಷನ್ನಿಗೇ ದಿನ ಬಿಟ್ಟು ದಿನ ನೀರು."

ಅವನ ಹುಡುಗರು ಕೆಂಪು ಕಂಬಕ್ಕೆ ಓಡಿದರು. ಪಾನಾ ಹಾಕಿ ತಿರುಗಿಸಿದರು. ಅದು ಉಸ್ ಎಂದು ಗಾಳಿ ಬಿಟ್ಟಿತು. ಆಮೇಲೆ ಒಂದು ಜಿರಲೆ ಹೊರಗೆ ಬಂದು ಸುತ್ತ ನೋಡಿ, ಬೆಂಕಿ ಕಂಡು ಮತ್ತೆ ಒಳಗೆ ಹೋಯಿತು. ಅಷ್ಟೇ ಆ ಕಂಬದಿಂದ ಬಂದದ್ದು.

ನಮ್ಮ ಕಾಲಡಿಯಲ್ಲಿ ಮಾತ್ರ ದೊಡ್ಡ ಪೈಪಿನಲ್ಲಿ ನೀರು ಹೋಗುತ್ತಲೇ ಇತ್ತು. ಗಂಡಸರು ಗುದ್ದಲಿ ಹಿಡಿದು ಅಗೆದರು. ಹುಚ್ಚರ ಹಾಗೆ ಅಗೆದರು. ಸಿಗಲಿಲ್ಲ. ಎಷ್ಟು ಆಳದಲ್ಲಿದೆ ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಾನೂ ಮೀಸೆಯಣ್ಣನೂ ಟವರಿನ ಗೇಟಿಗೆ ಓಡಿದೆವು. ಸೆಕ್ರೆಟರಿ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದ.

"ತೊಟ್ಟಿ ತೆಗೆಸಿ ಸಾರ್," ಎಂದ ಮೀಸೆಯಣ್ಣ. "ಇಲ್ಲಿಂದ ಓಣಿಗೆ ಪೈಪು ಎಳೀತೀವಿ."

"ಅದು ಬೆಂಕಿಗೆ ಅಂತ ಇಟ್ಟ ನೀರು ಕಣ್ರೀ."

"ನಾನೇನು ಸ್ನಾನಕ್ಕೆ ಕೇಳ್ತಿದ್ದೀನಾ ಸಾರ್? ಅಲ್ಲಿ ಉರೀತಿರೋದೂ ಬೆಂಕಿನೇ."

"ನಮ್ಮ ಬೆಂಕಿಗೆ ಅಂತ ಇಟ್ಟಿದ್ದು ರೀ. ಈಗ ಖಾಲಿ ಮಾಡಿ, ನಾಳೆ ನಮ್ಮಲ್ಲಿ ಬಿದ್ರೆ ಯಾರು ಜವಾಬ್ದಾರಿ? ರೂಲ್ಸ್ ಇದೆ. ಕಮಿಟಿ ಕೂರಬೇಕು. ಕೀಲಿಕೈ ಬೇರೆ ಅಧ್ಯಕ್ಷರ ಹತ್ರ ಇದೆ, ಅವರು ಊರಲ್ಲಿಲ್ಲ."

ನಾನು ಅವನ ಕಾಲು ಹಿಡಿದೆ. ಹೌದು, ಹಿಡಿದೆ. ಓಣಿಯ ಆ ತುದಿಯಲ್ಲಿ ಇನ್ನೂ ಬೆಂಕಿ ತಗಲದ ಮನೆಗಳು ಉಳಿದಿದ್ದವು, ಮಾನ ಆಮೇಲೆ ನೋಡಿಕೊಂಡರಾಯಿತು ಎಂದು ಹಿಡಿದೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

"ಮಸಿ ಮೆತ್ತುತ್ತೆ, ಬಿಡು, ಬಿಡು."

ಅರ್ಧ ಓಣಿ ಹೋಯಿತು. ಉಳಿದರ್ಧ ಉಳಿದದ್ದು ಗಾಳಿ ತಿರುಗಿದ್ದರಿಂದ. ಟವರಿನ ತೊಟ್ಟಿ ಬಾಯಿಯವರೆಗೆ ತುಂಬಿಕೊಂಡು ಸುಖವಾಗಿತ್ತು.

ಆಮೇಲೆ ಬರುವವರೆಲ್ಲ ಬಂದರು. ಪ್ರಾಣಹಾನಿ ಇಲ್ಲ ಎಂದು ಪತ್ರಿಕೆಯವರು ಬರೆದರು. ಟವರಿನಿಂದ ಹಳೇ ಪರದೆಗಳು ಬಂದವು, ಕಿಟಕಿಯೇ ಇಲ್ಲದವರಿಗೆ. ನೀರಿನ ಕಚೇರಿಗೆ ಹೋದರೆ, "ಊರು ಬೆಳೀತಾ ಇದೆಯಮ್ಮ, ನೀರು ಸಾಲ್ತಿಲ್ಲ," ಎಂದರು. ಬೆಳೆದದ್ದು ಯಾವ ಕಡೆ, ಸಾಲದೆ ಹೋದದ್ದು ಯಾವ ಕಡೆ ಎಂದು ಕೇಳಿದೆ. ಹೊರಗೆ ಕಳಿಸಿದರು.

ಅತ್ತೆಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡೇ ಒಣಗಿದವು. ಉಳಿದರ್ಧ ಓಣಿಯಲ್ಲಿ ನಾದಿನಿಯ ಮನೆ, ಅಲ್ಲೇ ನಮಗೂ ಜಾಗ. ಅಲ್ಲೂ ಅದೇ ಗೋಣಿ, ಅದೇ ಸ್ಪಂಜು, ಅದೇ ವೈರು. ನಾವು ದಿಂಬು ತುಂಬುವಾಗ ಅತ್ತೆ ಗೋಡೆಗೆ ಒರಗಿ ನೋಡುತ್ತಾ ಕೂರುತ್ತಾಳೆ. ಒಮ್ಮೆ ಮೊಣಕೈಯಿಂದ ಒಂದು ದಿಂಬನ್ನು ಒತ್ತಿ ನೋಡಿದಳು. ಗಂಟಿದೆಯೋ ಟೊಳ್ಳಿದೆಯೋ ತಿಳಿಯಲಿಲ್ಲ. ಆ ದಿನ ಅವಳು ಯಾರನ್ನೂ ಬೈಯಲಿಲ್ಲ. ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಹೀಗಿರುವಾಗ, ಮುಂಚೆ ಹೇಳಲ್ಲ ಎಂದಿದ್ದ ಟವರಿನಿಂದಲೇ ಕರೆ ಬಂತು. ಈ ಸಲದ ನಾಟಕಕ್ಕೆ ಕಚೇರಿಯ ದೊಡ್ಡ ಸಾಹೇಬರು ಬರುತ್ತಾರಂತೆ, ನೀರಿಗೂ ಬೆಂಕಿಗೂ ಅವರೇ ಯಜಮಾನರು. ಟವರಿಗೆ ಸುರಕ್ಷತೆಯ ಸರ್ಟಿಫಿಕೇಟ್ ಕೊಡುತ್ತಾರಂತೆ. ಪತ್ರಿಕೆಯವರೂ ಬರುತ್ತಾರಂತೆ. ಅನುಭವ ಇರುವ ಹೆಣಗಳು ಬೇಕು.

"ಥೂ, ಯಾರು ಹೋಗ್ತಾರೆ?" ಎಂದಳು ನಾದಿನಿ.

"ಹೋಗೋಣ," ಎಂದಳು ಅತ್ತೆ. "ನಾನೂ ಬರ್ತೀನಿ."

"ನೀನು ಯಾಕತ್ತೆ?"

"ನೀನೊಬ್ಳೇ ಬಾಳೆಹಣ್ಣು ತಿನ್ನಬೇಕಾ? ಹೋಗೋದು, ಮಲಗೋದು. ಅದರಲ್ಲಿ ನಾವು ನಿಸ್ಸೀಮರು. ಏಳೋದನ್ನ ಆಮೇಲೆ ನೋಡೋಣ."

ಅವಳ ಮುಖ ನೋಡಿದೆ. ಅರ್ಥವಾಯಿತು. ಓಣಿಯ ಮನೆಮನೆಗೂ ಹೋಗಿ ಹೇಳಿ ಬಂದೆ.

ಗಾಯ ಬರೆಯಲು ಈ ಸಲ ಟವರಿನವರು ಒಬ್ಬ ಬಣ್ಣದವನನ್ನು ಕರೆಸಿದ್ದರು. ಕೆಂಪು, ಕಪ್ಪು, ಒಂದು ಕುಂಚ. ಸಾಲಾಗಿ ನಮ್ಮ ಕೆನ್ನೆಗೆ, ತೋಳಿಗೆ ಬಳಿಯುತ್ತಾ ಬಂದ. ಅತ್ತೆ ಎರಡೂ ಕೈ ಮುಂದೆ ಚಾಚಿದಳು. ಅವನು ನೋಡಿದ. ಕುಂಚ ಡಬ್ಬಿಯೊಳಗೆ ಇಟ್ಟ.

"ನಿಮಗೆ ಬಣ್ಣ ಬೇಡ ಅಜ್ಜಿ," ಎಂದ, ಮೆಲ್ಲಗೆ.

"ಉಳೀತು ನೋಡು ನಿನ್ನ ಬಣ್ಣ," ಎಂದಳು ಅತ್ತೆ.

ಸೈರನ್ ಕೂಗಿತು. ಟಯರು ಹೊಗೆಯಾಡಿತು. ಹುಲ್ಲಿನ ಮೇಲೆ ಮಲಗಬೇಕಾದ ನಾವು ಗೇಟಿನ ಒಳದಾರಿಯಲ್ಲಿ, ತೊಟ್ಟಿಯ ಮುಚ್ಚಳದ ಸುತ್ತ, ಸಿಮೆಂಟಿನ ಮೇಲೆ ಸಾಲಾಗಿ ಮಲಗಿದೆವು. ಮುಚ್ಚಳದ ಮೇಲೆ ಅತ್ತೆ. ಸೆಕ್ರೆಟರಿಗೆ ಮೊದಲು ಖುಷಿಯೇ ಆಯಿತು. "ವೆರಿ ಗುಡ್, ಎಷ್ಟು ನಿಜ ಅನ್ಸುತ್ತೆ!" ಎಂದು ದೊಡ್ಡ ಸಾಹೇಬರಿಗೆ ಹೇಳಿದ. ಮೀಸೆಯಣ್ಣನ ಹುಡುಗರು ತೊಟ್ಟಿಗೆ ಸೇರಿದ ಗೋಡೆಯ ನಲ್ಲಿಯಿಂದ ನೀರೆತ್ತಿ ಹಾರಿಸಿದರು. ನಮ್ಮ ಅರ್ಧ ಓಣಿಯನ್ನು ಉಳಿಸಬಹುದಾಗಿದ್ದ ನೀರು ಹೂವಿನ ಕುಂಡಗಳ ಮೇಲೆ ಬಿತ್ತು. ಚಪ್ಪಾಳೆ ಬಿತ್ತು.

"ಮುಗೀತು, ಎಲ್ಲರೂ ಏಳಿ," ಎಂದ ಸೆಕ್ರೆಟರಿ ಮೈಕಿನಲ್ಲಿ. "ಊಟ ರೆಡಿ ಇದೆ."

ಯಾರೂ ಏಳಲಿಲ್ಲ.

"ಏ ಹೆಣದಕ್ಕ, ಕೇಳಿಸ್ತಾ? ಮುಗೀತು."

ನಾನು ನಾಲಿಗೆಯನ್ನು ಇನ್ನೂ ಸ್ವಲ್ಪ ಹೊರಗೆ ಹಾಕಿದೆ. ಅವನು ಬಂದು ಬೂಟಿನ ತುದಿಯಿಂದ ನನ್ನ ಭುಜ ತಟ್ಟಿದ. ಇರುವೆಗೆ ಅಲ್ಲಾಡದವಳು ಇವನಿಗೆ ಅಲ್ಲಾಡುತ್ತೇನೆಯೇ? ಬಾಲ್ಕನಿಯಲ್ಲಿ ಯಾರೋ ನಕ್ಕರು. ಒಳಗೆ ಬಂದ ಕಾರುಗಳು ಹೊರಗೆ ಹೋಗುವಂತಿಲ್ಲ. ದೊಡ್ಡ ಸಾಹೇಬರು ಗಡಿಯಾರ ನೋಡಿದರು.

"ಇವರನ್ನ ಎತ್ತಿ ಆಚೆ ಹಾಕ್ರೀ," ಎಂದು ಸೆಕ್ರೆಟರಿ ಮೀಸೆಯಣ್ಣನಿಗೆ ಹೇಳಿದ.

ಮೀಸೆಯಣ್ಣ ಟೋಪಿ ತೆಗೆದು ಬೆವರು ಒರೆಸಿಕೊಂಡ. ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಅತ್ತೆಯ ಕೈ ನೋಡಿದ.

"ಆಗಲ್ಲ ಸಾರ್. ಗಾಯಾಳು ಆದ್ರೆ ನಾವು ಎತ್ತಬಹುದು. ಇವರು ಸತ್ತಿದ್ದಾರೆ. ಹೆಣ ಎತ್ತೋಕೆ ಪೊಲೀಸರು ಬರಬೇಕು, ಪಂಚನಾಮೆ ಆಗಬೇಕು. ರೂಲ್ಸ್ ಇದೆಯಲ್ಲ ಸಾರ್."

ಹೆಣ ನಗಬಾರದು. ನನ್ನ ಹೊಟ್ಟೆ ಕುಣಿಯಿತು, ತುಟಿ ಕಚ್ಚಿಕೊಂಡೆ. ನಾದಿನಿ ನರಳುವ ನೆಪದಲ್ಲಿ ನಕ್ಕೇಬಿಟ್ಟಳು.

ಬಿಸಿಲು ಏರಿತು. ಸಿಮೆಂಟು ಬೆನ್ನು ಸುಟ್ಟಿತು. ಪೊಲೀಸರನ್ನು ಕರೆಯೋಣವೆಂದರೆ ಪತ್ರಿಕೆಯವರ ಕ್ಯಾಮೆರಾ ತೆರೆದೇ ಇತ್ತು. ಕೊನೆಗೆ ಸೆಕ್ರೆಟರಿ ಒಂದು ನೀರಿನ ಬಾಟಲಿ ಹಿಡಿದು ಅತ್ತೆಯ ಹತ್ತಿರ ಬಗ್ಗಿದ. ದನಿಯಲ್ಲಿ ಬೆಣ್ಣೆ.

"ಅಜ್ಜಿ, ವಯಸ್ಸಾದವರು ನೀವು. ಬಿಸಿಲು ಜಾಸ್ತಿ ಇದೆ. ನೀರು ಕುಡೀರಿ, ಎದ್ದೇಳಿ."

ಅತ್ತೆ ಕಣ್ಣು ತೆರೆದಳು.

"ಇದು ಯಾರ ಬಾಯಾರಿಕೆಗೆ ಅಂತ ಇಟ್ಟ ನೀರಪ್ಪಾ? ನಿಮ್ಮದಕ್ಕೋ, ನಮ್ಮದಕ್ಕೋ?"

ಅವನು ಬಾಟಲಿಯ ಮುಚ್ಚಳ ತೆರೆದು ಮುಂದೆ ಚಾಚಿದ.

"ನೋಡ್ಕೊಂಡು ಕೊಡು. ರೂಲ್ಸ್ ಇರುತ್ತೆ. ಕಮಿಟಿ ಕೂರಿಸು. ನಾನು ಕುಡಿದುಬಿಟ್ರೆ, ನಾಳೆ ನಿಂಗೆ ಬಾಯಾರಿದ್ರೆ ಯಾರು ಜವಾಬ್ದಾರಿ?" ಅತ್ತೆ ಎರಡೂ ಕೈ ಮೇಲೆತ್ತಿದಳು. "ಹಿಡ್ಕೊಳ್ಳೋಣ ಅಂದ್ರೆ ಬೆರಳೂ ಇಲ್ಲ. ನಿಮ್ಮ ದಿಂಬೆಲ್ಲ ತುಂಬಿದ ಬೆರಳು ಕಣೋ ಇವು."

ಕ್ಯಾಮೆರಾಗಳು ಅತ್ತೆಯ ಕೈಯ ಕಡೆ ತಿರುಗಿದವು. ದೊಡ್ಡ ಸಾಹೇಬರು ಮುಂದೆ ಬಂದರು.

"ಏನಮ್ಮ ನಿಮಗೆ ಬೇಕಾಗಿರೋದು?"

"ನಮ್ಮ ಓಣಿ ಅಡಿಯಲ್ಲೇ ದೊಡ್ಡ ಪೈಪು ಹೋಗ್ತಾ ಇದೆ," ಎಂದೆ ನಾನು, ಮಲಗಿಕೊಂಡೇ. "ಅದರಿಂದ ಒಂದು ಕವಲು ತೆಗೆದು ಆ ಕೆಂಪು ಕಂಬಕ್ಕೆ ಕೊಡಿ. ಇನ್ನೂ ಅರ್ಧ ಓಣಿ ಉಳಿದಿದೆ. ಅದು ಉರಿಯೋವರೆಗೆ ಕಾಯೋಕೆ ಆಗಲ್ಲ."

"ಪ್ರೆಶರ್ ಕಡಿಮೆ ಆಗುತ್ತೆ ಸಾರ್," ಎಂದ ಸೆಕ್ರೆಟರಿ.

"ಕಡಿಮೆ ಬಿದ್ರೆ ಹೇಳು," ಎಂದಳು ಅತ್ತೆ. "ನಂಗೆ ಜಾಸ್ತಿ ಇದೆ ಅಂತ ಡಾಕ್ಟರ್ ಹೇಳಿದ್ದಾರೆ."

ಈ ಸಲ ಬಾಲ್ಕನಿಯವರೆಲ್ಲ ನಕ್ಕರು. ಕ್ಯಾಮೆರಾ ಎದುರಿದ್ದಾಗ ದೊಡ್ಡವರಿಗೆ ಇಲ್ಲ ಎನ್ನುವುದು ಕಷ್ಟ. "ಆಯ್ತು, ಮಾಡಿಸ್ತೀನಿ, ಏಳಿ," ಎಂದರು ಸಾಹೇಬರು.

"ಗುದ್ದಲಿ ಬರಲಿ ಸ್ವಾಮಿ," ಎಂದಳು ಅತ್ತೆ. "ಅಲ್ಲೀವರೆಗೆ ನಾವು ಸತ್ತೇ ಇರ್ತೀವಿ."

ಸಾಹೇಬರು ಫೋನು ಮಾಡಿದರು. ಮತ್ತೆ ಮಾಡಿದರು. ಮೂರನೆಯ ಸಲ ಬೈದರು. ಊಟದ ಪೊಟ್ಟಣಗಳ ಮೇಲೆ ಕಾಗೆ ಕೂತಿತು. ಬಿಸಿಲು ಇಳಿಯುವ ಹೊತ್ತಿಗೆ ಓಣಿಯ ಬಾಯಲ್ಲಿ ಒಂದು ಲಾರಿ ನಿಂತಿತು. ಗುದ್ದಲಿ, ಬುಟ್ಟಿ, ಕಬ್ಬಿಣದ ಪೈಪು. ಇಳಿದವನು ಅದೇ ಹಳೇ ಮೇಸ್ತ್ರಿ. ಗೇಟಿನ ಹತ್ತಿರ ಬಂದು ಸುತ್ತ ಕಣ್ಣಾಡಿಸಿದ.

"ಸಾಮಾನು ತಂದಿದ್ದೀನಿ ಸಾರ್. ಅಗೆಯೋಕೆ ಆಳುಗಳೆಲ್ಲಿ?"

ನಾನು ಮಲಗಿದಲ್ಲಿಂದಲೇ ಕೈ ಎತ್ತಿದೆ. ಪಕ್ಕದಲ್ಲಿ ನಾದಿನಿ ಎತ್ತಿದಳು. ಆಮೇಲೆ ಸಾಲಿಗೆ ಸಾಲೇ ಎತ್ತಿತು. ಸಿಮೆಂಟಿಗೆ ಅಂಟಿದ್ದ ಬೆನ್ನುಗಳನ್ನು ಬಿಡಿಸಿಕೊಂಡು, ಬಣ್ಣದ ಗಾಯಗಳನ್ನು ತೋಳಿನಿಂದ ಒರೆಸಿಕೊಳ್ಳುತ್ತಾ ಹೆಣಗಳೆಲ್ಲ ಎದ್ದು ಹೋಗಿ ಲಾರಿಯಿಂದ ಗುದ್ದಲಿ ಇಳಿಸಿಕೊಂಡವು. ಮೇಸ್ತ್ರಿ ಹಿಂದೆ ಹಿಂದೆ ಬಂದ. ದೊಡ್ಡ ಪೈಪು ಸಿಗುವವರೆಗೆ ತಲೆ ಮುಳುಗುವಷ್ಟು ಅಗೆಯಲೇಬೇಕಿತ್ತು, ಅಗೆದೆವು. ಸಿಕ್ಕಿತು. ಕವಲು ಕೂರಿಸಿದರು. ಅಲ್ಲಿಂದ ಕೆಂಪು ಕಂಬದವರೆಗೆ ಹೊಸ ಪೈಪು ಹೂಳಲು ಮೇಸ್ತ್ರಿ ಗೆರೆ ಎಳೆದ.

"ಇದನ್ನೂ ಅಷ್ಟೇ ಆಳಕ್ಕೆ ತೋಡಿ," ಎಂದ.

ಅತ್ತೆ ಮಣ್ಣಿನ ಗುಡ್ಡೆಯ ಮೇಲೆ ಕೂತಿದ್ದಳು. ಮೊಣಕೈಗಳ ನಡುವೆ ಆ ನೀರಿನ ಬಾಟಲಿ. ಈಗ ಕುಡಿಯುತ್ತಿದ್ದಳು.

"ಅಷ್ಟು ತೋಡಬೇಡ್ರೇ," ಎಂದಳು. "ಈ ಸಲ ಕೈಗೆ ಸಿಗೋಷ್ಟೇ ಆಳಕ್ಕೆ ಹೂಳಿ."

ಮೇಸ್ತ್ರಿ ಅವಳ ಕಡೆ ನೋಡಿದ. ಗುದ್ದಲಿ ನಮ್ಮ ಕೈಯಲ್ಲಿತ್ತು. ಅತ್ತೆ ಹೇಳಿದಷ್ಟೇ ಅಗೆದೆವು.